ರೋಬೋಗೆ ಕೆಲಸ ಹೇಳಬೇಕಾದವರು ಯಾರು?

ಇವತ್ತು ಲ್ಯಾಬಲ್ಲಿ ನೋಡಿದ್ದನ್ನು ಬರೆಯದೆ ನಿದ್ದೆ ಬರಲ್ಲ. ವರ್ಷಗಟ್ಟಲೆ ಸ್ಯಾಂಪಲ್ ತಯಾರು ಮಾಡುತ್ತಾ ಬಂದಿರುವ ನಮ್ಮ ಟೆಕ್ನೀಷಿಯನ್ ಒಬ್ಬರು, ಕೋಡಿಂಗ್‌ನ ಗಂಧಗಾಳಿ ಇಲ್ಲದವರು, ಪಿಪೆಟಿಂಗ್ ರೋಬೋಗೆ, ಅಂದರೆ ದ್ರವವನ್ನು ಅಳೆದು ಎಳೆದು ಬೇರೆಡೆ ಹಾಕುವ ಯಂತ್ರಕ್ಕೆ, ತಾವೇ ಕೆಲಸ ಹೇಳಿಕೊಟ್ಟರು. ಸ್ಕ್ರೀನ್ ಮೇಲೆ ಸ್ಯಾಂಪಲ್ ತುಂಬುವ ಪ್ಲೇಟ್, ಟಿಪ್ (ದ್ರವ ಎಳೆಯುವ ಪ್ಲಾಸ್ಟಿಕ್ ಮೂತಿ) ಬಾಕ್ಸ್, ಬಫರ್ ದ್ರಾವಣದ ತೊಟ್ಟಿ ಎಲ್ಲಿರಬೇಕೋ ಅಲ್ಲಿಗೆ ಎಳೆದಿಟ್ಟರು. ಎಷ್ಟು ಮೈಕ್ರೋಲೀಟರ್, ಎಲ್ಲಿಂದ ಎಲ್ಲಿಗೆ, ಟಿಪ್ ಯಾವಾಗ ಬದಲಿಸಬೇಕು ಅಂತ ಆರಿಸುತ್ತಾ ಹೋದರು. ಅಷ್ಟೇ!

ಗ್ಲಿಸರಾಲ್ ಹಾಕುವ ಹಂತ ಬಂದಾಗಲಂತೂ ನನಗೆ ಖುಷಿಯೋ ಖುಷಿ. "ಇದು ಮಂದ ಇರುತ್ತೆ. ನಿಧಾನಕ್ಕೆ ಎಳೀಲಿ. ಎಳೆದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಲಿ. ಮೇಲೆ ಬರುವಾಗ ಟಿಪ್ಪನ್ನ ಟ್ಯೂಬಿನ ಗೋಡೆಗೆ ತಾಗಿಸಲಿ" ಅಂತ ಹೇಳುತ್ತಲೇ ಮೂರನ್ನೂ ಸೆಟ್ ಮಾಡಿದರು. ಗ್ಲಿಸರಾಲನ್ನೇ ಮುಟ್ಟದ ಪ್ರೋಗ್ರಾಮರ್‌ಗೆ ಇದು ಹೇಗೆ ಹೊಳೆಯಬೇಕು?

ಇದೇ ಯಂತ್ರ ಇಷ್ಟು ಕಾಲ ಕವರ್ ಹೊದ್ದು ಸುಮ್ನೆ ಕೂತಿತ್ತಲ್ಲ, ಅದು ನೆನೆದರೆ ಸಿಟ್ಟು ಬರುತ್ತೆ. ಅದನ್ನು ಓಡಿಸುವ ಕೋಡ್ ಬರೆದವರು ಕೆಲಸ ಬಿಟ್ಟು ಹೋದರು. ಒಂದು ವಾಲ್ಯೂಮ್ ಬದಲಿಸಬೇಕೆಂದರೂ ಯಾರದೋ ದಾರಿ ಕಾಯಬೇಕು. ಪಕ್ಕದ ಬೆಂಚಿನಲ್ಲೇ ಈ ಟೆಕ್ನೀಷಿಯನ್ 96 ಗುಳಿಯ ಪ್ಲೇಟುಗಳನ್ನು ಒಂದಾದಮೇಲೊಂದು ಕೈಯಲ್ಲಿ ತುಂಬುತ್ತಿದ್ದರು. ಸಂಜೆಯಾದರೆ ಹೆಬ್ಬೆರಳು ಹಿಡಿದುಕೊಂಡು ಕೂರೋರು. ಹೆಬ್ಬೆರಳಿಂದ ಒತ್ತುವ ಪಿಪೆಟ್ಟನ್ನು ಜರ್ಮನಿಯ ಮಾರ್ಬುರ್ಗ್‌ನಲ್ಲಿ ಹೈನ್ರಿಷ್ ಶ್ನಿಟ್ಗರ್ ಮಾಡಿದ್ದು 1957ರಲ್ಲಿ. ಬಾಯಿಂದ ಹೀರುವ ಅಪಾಯ ತಪ್ಪಿಸಿದ ದೊಡ್ಡ ಕೆಲಸ ಅದು. ಆದರೆ ಈಗಲೂ ಆ ಹೆಬ್ಬೆರಳನ್ನೇ ಸವೆಸಬೇಕಾ?

"ಕೋಡ್ ಇಲ್ಲದೆ ಕಷ್ಟದ ಕೆಲಸ ಆಗಲ್ಲ" ಅನ್ನುತ್ತಾರೆ. ಕೆಲವು ಆಗಲ್ಲ, ಒಪ್ಪುತ್ತೇನೆ. ಆದರೆ ದಿನಾ ಜೀವ ಹಿಂಡೋದು ಡೈಲ್ಯೂಷನ್ (ದ್ರಾವಣ ತೆಳು ಮಾಡೋದು), ಪಾಲು ಹಾಕೋದು, ರೀಏಜೆಂಟ್ ಅಂದರೆ ಪರೀಕ್ಷೆಯ ರಾಸಾಯನಿಕ ಸೇರಿಸೋದು. ಅದಕ್ಕೆ ಇಷ್ಟು ಸಾಕು. "ರೋಬೋನೂ ತಪ್ಪು ಮಾಡುತ್ತೆ" ಅನ್ನೋರೂ ಇದ್ದಾರೆ. ಮಾಡುತ್ತೆ. ಟ್ಯೂಬಿನ ಎತ್ತರ ತಪ್ಪಾಗಿ ಕೊಟ್ಟರೆ ದ್ರವದ ಬದಲು ಗಾಳಿ ಎಳೆಯುತ್ತೆ. ಅದಕ್ಕೇ ಅಲ್ವಾ ಇವರು ಮೊದಲು ಬಣ್ಣದ ನೀರಲ್ಲಿ ಓಡಿಸಿ ನೋಡಿದ್ದು? ಕೊನೇ ಕಾಲಂನಲ್ಲಿ ನೀರು ಕಡಿಮೆ ಬಿತ್ತು. ನೋಡಿದ ತಕ್ಷಣ ಗೊತ್ತಾಯಿತು ಅವರಿಗೆ: ತೊಟ್ಟಿಯ ತಳದಲ್ಲಿ ಟಿಪ್‌ಗೆ ಸಿಗದೆ ಸ್ವಲ್ಪ ಉಳಿದೇ ಉಳಿಯುತ್ತೆ. ಅದನ್ನೂ ಲೆಕ್ಕಕ್ಕೆ ಹಿಡಿದು ಜಾಸ್ತಿ ಸುರಿದರು. ಎರಡನೇ ಸಲ ಎಲ್ಲ ಗುಳಿಯಲ್ಲೂ ಒಂದೇ ಮಟ್ಟ.

ಇಷ್ಟಾದರೂ ಆ ಯಂತ್ರದ ಲಾಗಿನ್ ಇನ್ನೂ ಅವರ ಹೆಸರಲ್ಲಿಲ್ಲ. ನಾಳೆ ಬೆಳಿಗ್ಗೆ ಮೊದಲು ಅದನ್ನೇ ಕೇಳುತ್ತೇನೆ.