ಸ್ಪಷ್ಟನೆ: ನೋವಿನ ಜಾಗ ತೋರಿಸುವ ರಕ್ತಪರೀಕ್ಷೆ ಇಲ್ಲ

‘ರಕ್ತದಲ್ಲಿ ಪ್ರೊಸ್ಟಾಗ್ಲಾಂಡಿನ್ ಅಳೆದರೆ ನೋವು ಎಲ್ಲಿದೆಯೆಂದು ತಿಳಿಯುತ್ತದೆ’ ಎಂಬ ಸಂದೇಶ ಶಿರಸಿ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಪ್ರೊಸ್ಟಾಗ್ಲಾಂಡಿನ್ ಎಂದರೆ ಪೆಟ್ಟು, ಊತ ಆದಲ್ಲಿ ಮೈಯೇ ತಯಾರಿಸುವ, ನೋವು ಹೆಚ್ಚಿಸುವ ವಸ್ತು. ಹಾರ್ಮೋನಿನಂಥ ಈ ವಸ್ತು ಹುಟ್ಟಿದ ಜಾಗದಲ್ಲೇ ಕೆಲಸ ಮುಗಿಸುತ್ತದೆ. ರಕ್ತಕ್ಕೆ ಸೇರಿದ ಇ2, ಎಫ್2 ಆಲ್ಫಾ ಬಗೆಗಳ ಹೆಚ್ಚಿನ ಪಾಲು ಶ್ವಾಸಕೋಶವನ್ನು ಒಮ್ಮೆ ದಾಟುವಷ್ಟರಲ್ಲೇ ಒಡೆದುಹೋಗುತ್ತದೆ. ಸಾಲದ್ದಕ್ಕೆ, ಸೂಜಿ ಚುಚ್ಚಿ ರಕ್ತ ಎಳೆದಾಗ ಟ್ಯೂಬಿನೊಳಗೇ ರಕ್ತಕಣಗಳು ಹೊಸದನ್ನು ತಯಾರಿಸುತ್ತವೆ. ಸಿಕ್ಕ ಅಂಕಿ ಮೈಯದೋ ಟ್ಯೂಬಿನದೋ! ಅದಕ್ಕೇ ಸಂಶೋಧಕರು ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) ಹುಡುಕುವುದು ಎಫ್2 ಆಲ್ಫಾ ಒಡೆದು ಉಳಿಯುವ 15-ಕೀಟೊ-13,14-ಡೈಹೈಡ್ರೊ ರೂಪವನ್ನು. ಅದು ಕೆಲವು ನಿಮಿಷ ಹೆಚ್ಚು ಬಾಳುತ್ತದೆ, ಟ್ಯೂಬಿನಲ್ಲಿ ಹುಟ್ಟುವುದಿಲ್ಲ. ಆದರೆ ಅದು ಇಡೀ ದೇಹದ ಲೆಕ್ಕ. ಅಡಿಕೆ ಕೊನೆ ಕೊಯ್ದವರ ಭುಜದ ನೋವೋ ಸೊಂಟದ್ದೋ ಅದಕ್ಕೆ ಗೊತ್ತಿಲ್ಲ. ಹಿಂದಿನ ದಿನ, ಪ್ರೊಸ್ಟಾಗ್ಲಾಂಡಿನ್ ತಯಾರಾಗದಂತೆ ತಡೆಯುವ ಆಸ್ಪಿರಿನ್ ನುಂಗಿದ್ದರಂತೂ ಅಂಕಿಯೇ ಇಳಿದೀತು.