ಹುಳುಕು ತೋರಿಸಿದವರಿಗೆ ಏನು ಸಿಗುತ್ತದೆ?

ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದ ಮೇಲೆ ಇಲ್ಲಿನವರ ಒಂದು ಅಭ್ಯಾಸ ನನ್ನನ್ನು ಮತ್ತೆ ಮತ್ತೆ ಬೆರಗಾಗಿಸಿದೆ. ಮರ್ಯಾದೆ ಹೋಗುವಂಥ ಸಂಗತಿಯನ್ನು ಇವರು ಸಭೆ ಕರೆದು ಹೇಳುತ್ತಾರೆ. ಸೈಬರ್ ಭದ್ರತೆಯ ವಿಷಯದಲ್ಲಂತೂ ಇದು ಇನ್ನೂ ಜಾಸ್ತಿ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಈ ಸಂಶೋಧನೆ ಚೆನ್ನಾಗಿ ಬೆಳೆದಿರುವುದಕ್ಕೆ ಹಣ ಮತ್ತು ಲ್ಯಾಬುಗಳೇ ಕಾರಣ ಅನ್ನುವವರಿದ್ದಾರೆ. ನನಗಂತೂ ಈ ಅಭ್ಯಾಸವೇ ದೊಡ್ಡ ಕಾರಣ ಅನಿಸುತ್ತದೆ.

ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಕತೆಯನ್ನೇ ನೋಡಿ. 2019ರ ಡಿಸೆಂಬರ್‌ನಲ್ಲಿ, ಸರಿಯಾಗಿ ಕ್ರಿಸ್‌ಮಸ್ ರಜೆಯ ಹೊತ್ತಿಗೆ, ಅಲ್ಲಿನ 267 ಸರ್ವರ್‌ಗಳಿಗೆ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬಡಿಯಿತು. ಕೆಲವು ಬ್ಯಾಕಪ್‌ಗಳೂ ಅದೇ ನೆಟ್‌ವರ್ಕಿಗೆ ಅಂಟಿಕೊಂಡಿದ್ದವು, ಅವೂ ಹೋದವು. ಕೊನೆಗೆ ವಿಶ್ವವಿದ್ಯಾಲಯ 30 ಬಿಟ್‌ಕಾಯಿನ್ ಕೊಟ್ಟು ಫೈಲುಗಳನ್ನು ಬಿಡಿಸಿಕೊಂಡಿತು. ಆಗಿನ ಲೆಕ್ಕದಲ್ಲಿ ಅದು ಸುಮಾರು 2 ಲಕ್ಷ ಯೂರೋ.

ಇಷ್ಟಾದ ಮೇಲೆ ಯಾರಾದರೂ ಏನು ಮಾಡುತ್ತಾರೆ? ತೆಪ್ಪಗಿರುತ್ತಾರೆ. ಇವರು 2020ರ ಫೆಬ್ರುವರಿಯಲ್ಲಿ ಒಂದು ವಿಚಾರ ಸಂಕಿರಣ ಇಟ್ಟುಕೊಂಡರು. ಅಕ್ಟೋಬರ್‌ನಲ್ಲಿ ಬಂದ ಫಿಶಿಂಗ್ ಮೇಲ್‌ನ (ಮೋಸದ ಮೇಲ್‌ನ) ಲಿಂಕನ್ನು ಯಾರೋ ಒತ್ತಿದ್ದು, ಎರಡು ತಿಂಗಳು ಕಳ್ಳರು ಒಳಗೇ ಓಡಾಡಿಕೊಂಡಿದ್ದು, ಹಾಕಬೇಕಾದ ಅಪ್‌ಡೇಟ್ ಹಾಕದೇ ಬಿಟ್ಟಿದ್ದು, ಹಣ ಕೊಟ್ಟಿದ್ದು, ಎಲ್ಲವನ್ನೂ ಹೇಳಿದರು. ತನಿಖೆ ಮಾಡಿದ ಫಾಕ್ಸ್-ಐಟಿ ಕಂಪನಿಯ ವರದಿಯನ್ನೂ ಜನರ ಮುಂದಿಟ್ಟರು. (ಆಮೇಲಿನದು ತಮಾಷೆಯಾಗಿದೆ. ಕೊಟ್ಟ ಹಣದ ಒಂದು ಸಣ್ಣ ಭಾಗವನ್ನು ಪೊಲೀಸರು ಉಕ್ರೇನ್‌ನ ಒಬ್ಬರ ಖಾತೆಯಲ್ಲಿ ಪತ್ತೆಹಚ್ಚಿ ತಡೆಹಿಡಿದರು. ಬಿಟ್‌ಕಾಯಿನ್ ಬೆಲೆ ಏರಿ, 2022ರ ಹೊತ್ತಿಗೆ ಆ ಸಣ್ಣ ಭಾಗವೇ ಸುಮಾರು 5 ಲಕ್ಷ ಯೂರೋ ಆಗಿತ್ತು!)

ಈಗ ನಮ್ಮ ಕಡೆ ನೋಡೋಣ. 2022ರ ನವೆಂಬರ್ 23ರಂದು ಇಂಥದ್ದೇ ದಾಳಿಗೆ ಸಿಕ್ಕಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ನಿಂತವು. ಎಷ್ಟೋ ದಿನ ರೋಗಿಗಳ ನೋಂದಣಿ, ಪರೀಕ್ಷೆಯ ಫಲಿತಾಂಶ ಎಲ್ಲವೂ ಕಾಗದದ ಮೇಲೆ ನಡೆಯಿತು. ಸರ್ಕಾರ ಸಂಸತ್ತಿಗೆ ಒಂದಿಷ್ಟು ಮಾಹಿತಿ ಕೊಟ್ಟಿತು: ಐದು ಸರ್ವರ್‌ಗಳಿಗೆ ತೊಂದರೆಯಾಗಿದೆ, ಸುಮಾರು 1.3 ಟೆರಾಬೈಟ್ ಡೇಟಾಗೆ ಬೀಗ ಬಿದ್ದಿದೆ, ನೆಟ್‌ವರ್ಕನ್ನು ಸರಿಯಾಗಿ ವಿಭಾಗ ಮಾಡಿರಲಿಲ್ಲ. ಕಳ್ಳರು ಯಾವ ಬಾಗಿಲಿನಿಂದ ಬಂದರು, ಎಷ್ಟು ದಿನ ಒಳಗಿದ್ದರು ಎಂದು ಹೇಳುವ ಪೂರ್ತಿ ವರದಿ ಹೊರಗೆ ಬರಲಿಲ್ಲ. ಅದಕ್ಕೂ ಹಿಂದೆ, 2019ರಲ್ಲಿ, ಕೂಡಂಕುಳಂ ಅಣು ವಿದ್ಯುತ್ ಕೇಂದ್ರದ ಮೇಲೆ ಸೈಬರ್ ದಾಳಿಯಾದ ಸುದ್ದಿ ಬಂದಾಗ ಮೊದಲ ಉತ್ತರ 'ಅಂಥದ್ದೇನೂ ಆಗಿಲ್ಲ' ಎಂಬ ಧಾಟಿಯಲ್ಲಿತ್ತು. ಮರುದಿನವೇ ಅಣು ವಿದ್ಯುತ್ ನಿಗಮ ಆಡಳಿತದ ಜಾಲಕ್ಕೆ ಸೇರಿದ ಕಂಪ್ಯೂಟರಿನಲ್ಲಿ ಮಾಲ್‌ವೇರ್ (ಹಾನಿ ಮಾಡುವ ತಂತ್ರಾಂಶ) ಸಿಕ್ಕಿದ್ದು ನಿಜ ಎಂದು ಒಪ್ಪಿಕೊಂಡಿತು. ವಿದ್ಯುತ್ ಸ್ಥಾವರದ ಒಳಜಾಲಕ್ಕೆ ಏನೂ ಆಗಿಲ್ಲ ಎಂದೂ ಹೇಳಿತು. ಅಲ್ಲಿಗೆ ಮಾತು ಮುಗಿಯಿತು.

ಇದರಿಂದ ಆಗುವ ನಷ್ಟ ಯಾರಿಗೆ? ನಮ್ಮ ವಿದ್ಯಾರ್ಥಿಗಳಿಗೆ. ಭಾರತದ ಹುಡುಗಿಯೊಬ್ಬಳು ರಾನ್ಸಮ್‌ವೇರ್ ಬಗ್ಗೆ ಪಿಎಚ್‌ಡಿ ಮಾಡಬೇಕು ಅಂದುಕೊಳ್ಳಲಿ. ಅವಳಿಗೆ ಓದಲು ಮಾಸ್ಟ್ರಿಕ್ಟ್ ಸಿಗುತ್ತದೆ, ಏಮ್ಸ್ ಸಿಗುವುದಿಲ್ಲ. ತನ್ನ ದೇಶದ ಆಸ್ಪತ್ರೆ ಹೇಗೆ ಬಿತ್ತು ಎಂಬುದನ್ನು ಬಿಟ್ಟು, ಯಾವುದೋ ದೇಶದ ವಿಶ್ವವಿದ್ಯಾಲಯ ಹೇಗೆ ಬಿತ್ತು ಎಂಬುದನ್ನು ಅವಳು ಕಲಿಯುತ್ತಾಳೆ.

ಮಾಹಿತಿಯೇ ಇಲ್ಲ ಅಂತಲ್ಲ. 2022ರ ಏಪ್ರಿಲ್‌ನಲ್ಲಿ ಸರ್ಟ್-ಇನ್ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಹೊರಡಿಸಿದ ಆದೇಶದ ಪ್ರಕಾರ ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ (ಕಂಪ್ಯೂಟರ್ ಚಟುವಟಿಕೆಯ ದಾಖಲೆ) ಇಟ್ಟುಕೊಂಡಿರಬೇಕು. ಅಂದರೆ ದೇಶದ ಮೂಲೆ ಮೂಲೆಯ ದಾಳಿಗಳ ಲೆಕ್ಕ ಒಂದು ಕಡೆ ಬಂದು ಸೇರುತ್ತದೆ. ಸಂಶೋಧಕರ ಕಣ್ಣಿಗೆ ಅದು ಚಿನ್ನದ ಗಣಿ. ಆದರೆ 2023ರ ನವೆಂಬರ್‌ನಲ್ಲಿ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟರು. ಅದು ಎಚ್ಚರಿಕೆಗಳನ್ನು ಹೊರಡಿಸುತ್ತದೆ, ವಾರ್ಷಿಕ ವರದಿ ಕೊಡುತ್ತದೆ, ನಿಜ. ಪ್ರಬಂಧ ಬರೆಯಲು ಅದು ಸಾಕಾಗುವುದಿಲ್ಲ.

ಹಾಗಾಗಿ ನಮ್ಮ ಮನೆಯ ಕಳ್ಳತನದ ಸುದ್ದಿ ನಮಗೆ ಹೊರಗಿನಿಂದ ಬರುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಮತ್ತು ಅವರ ಜೊತೆಗಾರರು 2009ರಲ್ಲಿ ಘೋಸ್ಟ್‌ನೆಟ್ ಎಂಬ ಬೇಹುಗಾರಿಕೆ ಜಾಲವನ್ನು ಬಯಲಿಗೆಳೆದರು. ಧರ್ಮಶಾಲೆಯ ದಲೈ ಲಾಮಾ ಕಚೇರಿಯಿಂದ ಶುರುವಾದ ಹುಡುಕಾಟ 103 ದೇಶಗಳ 1,295 ಕಂಪ್ಯೂಟರ್‌ಗಳ ತನಕ ಹೋಯಿತು. ಮರುವರ್ಷದ ವರದಿಯಲ್ಲಿ ಭಾರತ ಸರ್ಕಾರದ ಗುಪ್ತ ಕಡತಗಳೂ ಕಳವಾಗಿದ್ದು ಗೊತ್ತಾಯಿತು. ಹೇಳಿದ್ದು ಕೆನಡಾದ ಪ್ರಾಧ್ಯಾಪಕರು!

ನನ್ನನ್ನು ಇನ್ನೂ ಜಾಸ್ತಿ ಕಾಡುವ ಹೋಲಿಕೆ ಕಾನೂನಿನದು. 2008ರಲ್ಲಿ ನೈಮೇಗನ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಮೈಫೇರ್ ಕ್ಲಾಸಿಕ್ ಎಂಬ ಚಿಪ್ಪನ್ನು ಭೇದಿಸಿದರು. ಈ ದೇಶದ ಬಸ್ಸು, ರೈಲಿನ ಕಾರ್ಡಿಗೆ ಬಳಸುತ್ತಿದ್ದ ಚಿಪ್ ಅದು. ತಯಾರಿಸಿದ ಎನ್‌ಎಕ್ಸ್‌ಪಿ ಕಂಪನಿ ಪ್ರಬಂಧ ಪ್ರಕಟಿಸದಂತೆ ತಡೆಯಲು ಕೋರ್ಟಿಗೆ ಹೋಯಿತು. ಕೋರ್ಟು ಒಪ್ಪಲಿಲ್ಲ. ಸಂಶೋಧಕರಿಗೆ ಮಾತಾಡುವ ಹಕ್ಕಿದೆ, ಕಂಪನಿಗೆ ನಷ್ಟವಾಗುತ್ತದೆ ಅಂದರೆ ಅದು ಹುಳುಕಿರುವ ಚಿಪ್ ಮಾರಿದ್ದರಿಂದಲೇ ಎಂಬ ಅರ್ಥದ ತೀರ್ಪು ಬಂತು. ಯುರೋಪ್ ಪೂರ್ತಿ ಹೀಗೇ ಅಂದುಕೊಳ್ಳಬೇಡಿ. 2013ರಲ್ಲಿ ಕಾರಿನ ಎಲೆಕ್ಟ್ರಾನಿಕ್ ಕೀಯ ಹುಳುಕಿನ ಬಗ್ಗೆ ಇದೇ ರಾಡ್‌ಬೌಡ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು ಬರೆದ ಪ್ರಬಂಧವನ್ನು ಇಂಗ್ಲೆಂಡಿನ ಹೈಕೋರ್ಟ್ ತಡೆಯಿತು. ಅದು ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಹೊರಬಂದದ್ದು 2015ರಲ್ಲಿ.

ನಮ್ಮಲ್ಲಿ? ರೋಪ್ ಗೊಂಗ್ರೈಪ್ ಎಂಬ ಡಚ್ ಹ್ಯಾಕರ್ ಮತ್ತು ಅವರ ತಂಡ 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಮತಯಂತ್ರದ ಹುಳುಕನ್ನು ಟಿವಿಯಲ್ಲೇ ತೋರಿಸಿದರು. ಗಲಾಟೆಯಾಯಿತು, ಸಮಿತಿ ಕೂತಿತು, ಕೊನೆಗೆ ದೇಶ ಕಾಗದದ ಮತಪತ್ರಕ್ಕೆ ಮರಳಿತು. ಅದೇ ಗೊಂಗ್ರೈಪ್ 2010ರಲ್ಲಿ ಹೈದರಾಬಾದಿನ ಹರಿಪ್ರಸಾದ್ ಮತ್ತು ಮಿಷಿಗನ್‌ನ ಪ್ರೊಫೆಸರ್ ಅಲೆಕ್ಸ್ ಹಾಲ್ಡರ್‌ಮನ್ ಅವರೊಂದಿಗೆ ಸೇರಿ ಭಾರತದ ಮತಯಂತ್ರವನ್ನು ಪರೀಕ್ಷಿಸಿದರು. ಪ್ರಬಂಧ ಕಂಪ್ಯೂಟರ್ ಭದ್ರತೆಯ ಎಸಿಎಂ ಸಿಸಿಎಸ್ ಸಮ್ಮೇಳನಕ್ಕೆ ಆಯ್ಕೆಯಾಯಿತು. ಆದರೆ ಯಂತ್ರ ನಿಮಗೆ ಎಲ್ಲಿಂದ ಬಂತು ಎಂದು ಕೇಳಿ ಪೊಲೀಸರು ಆ ವರ್ಷದ ಆಗಸ್ಟ್‌ನಲ್ಲಿ ಹರಿಪ್ರಸಾದರನ್ನು ಬಂಧಿಸಿದರು. ಆ ಪ್ರಬಂಧದ ತೀರ್ಮಾನವನ್ನು ನೀವು ಒಪ್ಪಬೇಕು ಅಂತ ನಾನು ಹೇಳುತ್ತಿಲ್ಲ. ಚುನಾವಣಾ ಆಯೋಗ ಒಪ್ಪಲಿಲ್ಲ, ಆಯೋಗಕ್ಕೂ ಅದರದೇ ವಾದಗಳಿದ್ದವು. ಪ್ರಬಂಧಕ್ಕೆ ಉತ್ತರ ಇನ್ನೊಂದು ಪ್ರಬಂಧ ಆಗಬೇಕಿತ್ತು, ಲಾಕಪ್ ಅಲ್ಲ, ಅಲ್ವಾ?

2013ರಿಂದ ಡಚ್ ಸರ್ಕಾರದ ಸೈಬರ್ ಕೇಂದ್ರಕ್ಕೆ ಒಂದು ಲಿಖಿತ ಮಾರ್ಗಸೂಚಿ ಇದೆ. ಹುಳುಕು ಸಿಕ್ಕಿದರೆ ನಮಗೆ ತಿಳಿಸಿ, ಅತಿಯಾಗಿ ಕೆದಕಬೇಡಿ, ಸರಿಪಡಿಸಲು ಸಮಯ ಕೊಡಿ, ನಾವು ದೂರು ಕೊಡುವುದಿಲ್ಲ. ತಿಳಿಸಿದವರಿಗೆ ಒಂದು ಟೀ ಶರ್ಟ್ ಕೊಡುತ್ತಾರೆ. 'ಡಚ್ ಸರ್ಕಾರವನ್ನು ಹ್ಯಾಕ್ ಮಾಡಿದೆ, ಸಿಕ್ಕಿದ್ದು ಈ ಕಳಪೆ ಟೀ ಶರ್ಟ್ ಮಾತ್ರ' ಅಂತ ಅದರ ಮೇಲೆ ಬರೆದಿರುತ್ತದೆ. ದುಡ್ಡಿನ ಬಹುಮಾನಕ್ಕಿಂತ ಇದಕ್ಕೆ ಬೇಡಿಕೆ ಜಾಸ್ತಿ ಅಂತ ನನ್ನ ಗುಮಾನಿ. ಸರ್ಟ್-ಇನ್ ಕೂಡ ಹುಳುಕಿನ ವರದಿ ತೆಗೆದುಕೊಳ್ಳುತ್ತದೆ. ಆದರೆ ಅನುಮತಿ ಇಲ್ಲದೆ ಕಂಪ್ಯೂಟರ್ ಒಳಹೊಕ್ಕವರಿಗೆ ಅನ್ವಯಿಸುವ ಐಟಿ ಕಾಯ್ದೆಯ 43 ಮತ್ತು 66ನೇ ಕಲಂಗಳಲ್ಲಿ ಒಳ್ಳೆಯ ಉದ್ದೇಶದ ಸಂಶೋಧಕರಿಗೆ ಅಂತ ಪ್ರತ್ಯೇಕ ರಕ್ಷಣೆ ಇಲ್ಲ. ವರದಿ ಮಾಡಿದವರ ಮೇಲೆ ಯಾವ ಕಂಪನಿಯಾದರೂ ದೂರು ಕೊಟ್ಟರೆ, ತಾನು ಅಪ್ರಾಮಾಣಿಕ ಅಲ್ಲ ಅಂತ ಅವರೇ ಓಡಾಡಬೇಕು.

ಇಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ದಿ ಹೇಗ್ ನಗರದಲ್ಲಿ ಅಂತರರಾಷ್ಟ್ರೀಯ ಸೈಬರ್ ಭದ್ರತೆಯ ಸಭೆಗಳಿಗೆ ಬರವಿಲ್ಲ. ಲೈಡನ್ ವಿಶ್ವವಿದ್ಯಾಲಯದ ಒಂದು ಸಂಶೋಧನಾ ಬಳಗ ಅಲ್ಲೇ ಇದೆ. ರಾಷ್ಟ್ರಗಳು ಸೈಬರ್ ಲೋಕದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದೇ ಅವರ ವಿಷಯ. ಕೆಲಸ ಗಟ್ಟಿಯಾಗಿದೆ. ಇಂಟರ್ನೆಟ್ಟಿನ ತಿರುಳಿನ ಭಾಗವನ್ನು ಯಾವ ಸರ್ಕಾರವೂ ಮುಟ್ಟಬಾರದು ಎಂಬ ವಿಚಾರವನ್ನು, ಆಮೇಲೆ ಆ ಬಳಗ ಸೇರಿದ ಡೆನಿಸ್ ಬ್ರೂಡರ್ಸ್ 2015ರ ಒಂದು ಡಚ್ ವರದಿಯಲ್ಲಿ ಬೆಳೆಸಿದರು. 2017ರ ನವೆಂಬರ್‌ನಲ್ಲಿ ಸೈಬರ್ ಸ್ಥಿರತೆಯ ಜಾಗತಿಕ ಆಯೋಗ ಅದನ್ನೇ ದೆಹಲಿಯಲ್ಲಿ ಕರೆಯಾಗಿ ಹೊರಡಿಸಿತು. ಭಾರತದ ಮಾಜಿ ರಾಜತಾಂತ್ರಿಕರಾದ ನಮ್ಮ ಲತಾ ರೆಡ್ಡಿಯವರು ಆ ಆಯೋಗದ ಸಹ ಅಧ್ಯಕ್ಷರಾಗಿದ್ದರು. ಒಂದು ವಿಚಾರ ಎರಡೇ ವರ್ಷದಲ್ಲಿ ಪುಸ್ತಕದಿಂದ ಸಭೆಗೆ ಬಂದಿದ್ದು ಕಡಿಮೆ ಮಾತೇನಲ್ಲ.

ಆದರೂ ಇಂಥ ಸಭೆಗಳಲ್ಲಿ ಮಾತಾಡುವ ಮುಖಗಳು ಹೆಚ್ಚುಕಡಿಮೆ ಅವವೇ. ರಷ್ಯಾ, ಚೀನಾ ಏನು ಮಾಡಿದವು ಎಂಬ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ತಮ್ಮ ಕಡೆಯವರು ಏನು ಮಾಡುತ್ತಾರೆ ಎಂಬ ಪ್ರಶ್ನೆಗೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಏಷ್ಯಾ, ಆಫ್ರಿಕಾ ಅಂದರೆ 'ಸಾಮರ್ಥ್ಯ ಬೆಳೆಸಬೇಕಾದ' ದೇಶಗಳು, ಅಷ್ಟೇ. ಅಲ್ಲಿನ ಸಂಶೋಧಕರಿಗೆ ವೀಸಾ ಕೈಗೆ ಬರುವಷ್ಟರಲ್ಲಿ ಸಮ್ಮೇಳನ ಮುಗಿದಿರುವುದೂ ಉಂಟು. ಇನ್ನು ರಾಜತಾಂತ್ರಿಕರು ಕೂತ ಗೋಷ್ಠಿಗಳಲ್ಲಿ ಯಾರು ಏನು ಹೇಳಿದರು ಅಂತ ಹೊರಗೆ ಹೇಳುವಂತಿಲ್ಲ. ನಾನು ಇಷ್ಟೊತ್ತು ಹೊಗಳಿದ ಬಿಚ್ಚುಮನಸ್ಸು ಆ ಬಾಗಿಲಿನ ಹೊರಗೇ ನಿಲ್ಲುತ್ತದೆ.

ಈ ವಿಷಯದಲ್ಲಿ ನಮ್ಮವರಿಂದ ಇವರು ಕಲಿಯುವುದೂ ಇದೆ. ಕೇರಳದ ಕೊಕಾನ್ ಎಂಬ ಸೈಬರ್ ಭದ್ರತಾ ಸಮ್ಮೇಳನವನ್ನು ಪೊಲೀಸರೇ ಮುಂದೆ ನಿಂತು ನಡೆಸುತ್ತಾರೆ. ಪೊಲೀಸರೂ ಹ್ಯಾಕರ್‌ಗಳೂ ಒಂದೇ ಸಭಾಂಗಣದಲ್ಲಿ ಕೂರುತ್ತಾರೆ. ಗೋವಾದ ನಲ್‌ಕಾನ್ ಸಮ್ಮೇಳನ 2010ರಿಂದ ನಡೆಯುತ್ತಿದೆ. ಅದನ್ನು ಕಟ್ಟಿದ್ದು ಯಾವ ಇಲಾಖೆಯೂ ಅಲ್ಲ, ಆಸಕ್ತಿ ಇದ್ದ ಹುಡುಗರ ಒಂದು ಬಳಗ. ವಿದೇಶಿ ಕಂಪನಿಗಳಿಗೆ ಹುಳುಕು ಹುಡುಕಿಕೊಟ್ಟು ಬಹುಮಾನ ಗೆಲ್ಲುವ ಭಾರತೀಯರು ಎಷ್ಟೋ ಮಂದಿ. ಅಮೆರಿಕದ ಕಂಪನಿಯ ಹುಳುಕನ್ನು ಧೈರ್ಯವಾಗಿ ಹೇಳುವ ಇವರು ಸ್ವಂತ ಊರಿನ ಸರ್ಕಾರಿ ಪೋರ್ಟಲ್‌ನ ಹುಳುಕು ಕಂಡರೆ ಸುಮ್ನೆ ಮುಚ್ಚಿಕೊಂಡು ಹೋಗುತ್ತಾರೆ. ಹುಳುಕು ಮಾತ್ರ ಅಲ್ಲೇ ಉಳಿದಿರುತ್ತದೆ.

'ಎಲ್ಲ ಬಯಲು ಮಾಡಿದರೆ ಶತ್ರುವಿಗೆ ಅನುಕೂಲ' ಎಂಬ ವಾದ ನಮ್ಮಲ್ಲಿ ಪದೇ ಪದೇ ಕೇಳಿಬರುತ್ತದೆ. ಇದಕ್ಕೆ ಡಚ್ಚರ ಗುಪ್ತಚರ ಇಲಾಖೆಯೇ ಉತ್ತರ ಕೊಟ್ಟಿದೆ. 2018ರ ಏಪ್ರಿಲ್‌ನಲ್ಲಿ ದಿ ಹೇಗ್‌ನಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯ ಪಕ್ಕದಲ್ಲೇ ಕಾರು ನಿಲ್ಲಿಸಿ, ಡಿಕ್ಕಿಯಲ್ಲಿ ಆಂಟೆನಾ ಇಟ್ಟುಕೊಂಡು ವೈಫೈ ಭೇದಿಸಲು ಹೊರಟಿದ್ದ ನಾಲ್ವರು ರಷ್ಯನ್ ಸೇನಾ ಗುಪ್ತಚರರನ್ನು ಹಿಡಿದು ವಾಪಸ್ ಕಳಿಸಿದರು. ಅಕ್ಟೋಬರ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು ಉಪಕರಣಗಳ ಫೋಟೊ, ಪಾಸ್‌ಪೋರ್ಟು, ಮಾಸ್ಕೋದ ಟ್ಯಾಕ್ಸಿ ರಸೀದಿಯನ್ನೂ ತೋರಿಸಿದರು. ತಮಗೆ ಬೇಕಾದಷ್ಟನ್ನೇ ತೋರಿಸಿರಬಹುದು, ಒಪ್ಪುತ್ತೇನೆ. ಆದರೂ ಅವತ್ತಿನಿಂದ ಎಷ್ಟು ಸಂಶೋಧಕರು ಆ ಕಡತವನ್ನು ತರಗತಿಯಲ್ಲಿ ಬಳಸಿಲ್ಲ!

ಹೊಸ ಕೇಂದ್ರ, ಹೊಸ ಕಟ್ಟಡ, ಇನ್ನೊಂದು ಅಂತರರಾಷ್ಟ್ರೀಯ ಶೃಂಗಸಭೆ, ಇವೆಲ್ಲ ನಮ್ಮಲ್ಲಿ ಬೇಗ ಆಗುತ್ತವೆ. ನಾನು ಕೇಳುವುದು ಎರಡೇ. ಬೆಲ್ಜಿಯಂ 2023ರಲ್ಲಿ ಮಾಡಿದಂತೆ, ನಿಯಮ ಪಾಲಿಸಿ ಹುಳುಕು ವರದಿ ಮಾಡಿದವರಿಗೆ ಕಾನೂನಿನಲ್ಲೇ ರಕ್ಷಣೆ ಬರೆಯಲಿ. ಮತ್ತೆ ಏಮ್ಸ್ ವರದಿಯನ್ನು ಹೆಸರು, ವಿಳಾಸಗಳ ಮೇಲೆ ಮಸಿ ಬಳಿದಾದರೂ ಹೊರಗೆ ಬಿಡಲಿ. ಆ ನೆಟ್‌ವರ್ಕನ್ನು ಇಷ್ಟೊತ್ತಿಗೆ ಬದಲಾಯಿಸಿದ್ದಾರೆ ಅಂದುಕೊಂಡಿದ್ದೇನೆ. ಬದಲಾಯಿಸಿದ್ದರೆ ವರದಿ ಮುಚ್ಚಿಡಲು ಕಾರಣವಿಲ್ಲ. ಬದಲಾಯಿಸಿಲ್ಲ ಅಂದರೆ ಅದನ್ನು ರೋಗಿಗಳಿಗೆ ಈಗಲೇ ಹೇಳಬೇಕು.