ಸ್ಪಷ್ಟನೆ: ನಾನು ಮಾತ್ರೆ ಬಿಟ್ಟಿಲ್ಲ
ನಾನು ಆಪ್ತಸಮಾಲೋಚಕಿ. ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕೀಲುಗಳ ಕಾಯಿಲೆ ಇದೆ. ‘ಮನಸ್ಸು ಗಟ್ಟಿ ಮಾಡಿಕೊಂಡು ಮಾತ್ರೆ ಬಿಟ್ಟರು, ಕೀಲುನೋವು ವಾಸಿಯಾಯಿತು’ ಎಂದು ನನ್ನ ಬಗ್ಗೆ ವಾಟ್ಸಾಪಿನಲ್ಲಿ ಓಡಾಡುತ್ತಿರುವ ಸಂದೇಶ ಸುಳ್ಳು. ಕಾಯಿಲೆ ಹೋಗಿಲ್ಲ, ಔಷಧಿಯಿಂದ ಹತೋಟಿಯಲ್ಲಿದೆ.

ಇದು ಮನಸ್ಸು ಸೋತು ಬರುವ ಕಾಯಿಲೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಔಷಧಿ ಸುಮ್ನೆ ನಿಲ್ಲಿಸಿದರೆ ಕೀಲು ಹಾಳಾಗಬಹುದು. ಹಾಳಾದದ್ದು ಮೊದಲಿನಂತಾಗುವುದು ಕಷ್ಟ. ನಾನು ಈ ಕಾಯಿಲೆಗೆ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ತೆಗೆದುಕೊಳ್ಳುವುದು ವಾರಕ್ಕೆ 1 ದಿನ, ವೈದ್ಯರು ಹೇಳಿದ ಹಾಗೆ. ಉಳಿದ ದಿನ ಅದನ್ನು ನುಂಗದ್ದು ನೋಡಿ ಯಾರೋ ತಪ್ಪು ತಿಳಿದಿರಬೇಕು. (ಆ ಮಾತ್ರೆ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ದಯವಿಟ್ಟು ನೆನಪಿಡಿ.)

ಸಮಾಲೋಚನೆ ನನಗೂ ಬೇಕಾಯಿತು. ಬೆಳಿಗ್ಗೆ ಬೆರಳು ಮಡಚಲಾಗದಾಗ ಬರುವ ಸಿಟ್ಟು, ಅಳು ಹೇಳಿಕೊಳ್ಳಲು ಒಬ್ಬರು ಬೇಕಲ್ವಾ? ಆದರೆ ಅದು ಔಷಧಿಗೆ ಬದಲಿಯಲ್ಲ. ಆ ಸಂದೇಶ ನಂಬಿ ಮಾತ್ರೆ ನಿಲ್ಲಿಸಿದ್ದರೆ ಇವತ್ತೇ ನಿಮ್ಮ ವೈದ್ಯರನ್ನು ಕಾಣಿ.